28ರ ಹುಡುಗನಿಗೆ ಲಕ್ವ: ಗಾಂಜಾ ಕಾರಣ ಇರಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಬಿಪಿ, ಶುಗರ್ ಏನೂ ಇಲ್ಲ. ಹೋದ ತಿಂಗಳು ಒಂದು ಭಾನುವಾರ ರಾತ್ರಿ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುವಂಥ ನೋವು ಬಂತಂತೆ. ಬೆಳಿಗ್ಗೆ ಎದ್ದಾಗ ಬಲಗೈ ಎತ್ತೋಕೆ ಆಗಲಿಲ್ಲ, ಮಾತು ತೊದಲುತ್ತಿತ್ತು. ರೂಮಿನ ಗೆಳೆಯರು ರಾತ್ರಿಯ ನಶೆ ಇನ್ನೂ ಇಳಿದಿಲ್ಲ ಅಂದುಕೊಂಡು ಮತ್ತೆ ಮಲಗಿಸಿದರು. ಆಸ್ಪತ್ರೆಗೆ ಸೇರಿಸುವಾಗ ಮಧ್ಯಾಹ್ನ ಆಗಿತ್ತು. ಎಂಆರ್‌ಐ ಮಾಡಿ ಸ್ಟ್ರೋಕ್ ಅಂದರು. ಈಗ ಕೈ ಮುಕ್ಕಾಲು ಪಾಲು ಸರಿಹೋಗಿದೆ. ಮೂರು ವರ್ಷದಿಂದ ಹೆಚ್ಚುಕಡಿಮೆ ದಿನಾ ಗಾಂಜಾ ಸೇದುತ್ತಿದ್ದನಂತೆ, ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ. ಅದೇ ಕಾರಣ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ಅವನು ಒಪ್ಪುತ್ತಿಲ್ಲ. ‘ಗಿಡದ್ದು ತಾನೇ, ಕೆನಡಾದಲ್ಲಿ ಅಂಗಡೀಲಿ ಮಾರ್ತಾರೆ, ಸಾಧುಗಳು ಸೇದಿ ಎಂಬತ್ತು ವರ್ಷ ಬದುಕಿಲ್ವಾ’ ಅಂತಾನೆ. ಬೇಕಾದರೆ ಸೇದೋದು ಬಿಟ್ಟು ಭಂಗಿಯನ್ನೋ ಗಾಂಜಾ ಗಿಡದಿಂದಲೇ ತೆಗೆಯುವ ಸಿಬಿಡಿ ಎಣ್ಣೆಯನ್ನೋ ತಗೊಳ್ತೀನಿ ಅಂತಾನೆ. ನಿಜ ಏನು ಡಾಕ್ಟರ್? ಸ್ಟ್ರೋಕ್ ಮತ್ತೆ ಬರುತ್ತಾ? ಅಪ್ಪ ಅಮ್ಮನಿಗೆ ಗಾಂಜಾ ವಿಷಯ ಇನ್ನೂ ಗೊತ್ತಿಲ್ಲ. ಹೇಳಬೇಕಾ?
– ಒಬ್ಬ ಅಕ್ಕ, ದಾವಣಗೆರೆ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಗಾಂಜಾದಿಂದ ಸ್ಟ್ರೋಕ್ ಆಗಬಹುದು. ನಿಮ್ಮ ತಮ್ಮನ ವಿಷಯದಲ್ಲಿ ಹಾಗೆ ಅನುಮಾನಿಸಲು ಗಟ್ಟಿ ಕಾರಣವೂ ಇದೆ. ಆದರೆ ಗಾಂಜಾ ಸಿಕ್ಕಿತು ಅಂತ ಬೇರೆ ಕಾರಣ ಹುಡುಕುವುದನ್ನು ನಿಲ್ಲಿಸಬಾರದು. ಕೊನೆಗೆ ಯಾವ ಕಾರಣ ಸಿಕ್ಕಿದರೂ ಸರಿ, ಅವರು ಇನ್ನು ಗಾಂಜಾ ಮುಟ್ಟಬಾರದು. ಭಂಗಿಯೂ ಬೇಡ, ಎಣ್ಣೆಯೂ ಬೇಡ. ಯಾಕೆ ಅನ್ನೋದನ್ನು ವಿವರವಾಗಿ ಬರೆಯುತ್ತೇನೆ. ಇದನ್ನು ನಿಮ್ಮ ತಮ್ಮನಿಗೂ ಓದಲು ಕೊಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಭಾನುವಾರ ರಾತ್ರಿಯ ತಲೆನೋವಿನ ಮೇಲೆ. ಮಾಮೂಲಿ ತಲೆನೋವು, ಮೈಗ್ರೇನ್ ಕೂಡ, ನಿಧಾನಕ್ಕೆ ಏರುತ್ತದೆ. ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ನೋವು ಬೇರೆಯೇ ಜಾತಿ. ಅಂಥ ನೋವು ಅಂದ ತಕ್ಷಣ ನಾವು ಮುಖ್ಯವಾಗಿ ಮೂರು ವಿಷಯ ಯೋಚಿಸುತ್ತೇವೆ. ಮಿದುಳಿನ ಸುತ್ತ ರಕ್ತ ಸೋರಿದೆಯಾ? ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿದೆಯಾ? ಅಥವಾ ಮಿದುಳಿನ ರಕ್ತನಾಳಗಳು ಅಲ್ಲಲ್ಲಿ ಬಿಗಿದುಕೊಂಡಿವೆಯಾ? ಈ ಮೂರನೆಯದಕ್ಕೆ ವೈದ್ಯರು ಚಿಕ್ಕದಾಗಿ ಆರ್‌ಸಿವಿಎಸ್ ಅನ್ನುತ್ತಾರೆ. ಇದನ್ನು ಕೆರಳಿಸುವ ವಸ್ತುಗಳಲ್ಲಿ ಗಾಂಜಾ ಚೆನ್ನಾಗಿ ಗೊತ್ತಿರುವ ಒಂದು.

ಆಂಜಿಯೋಗ್ರಾಮ್ ತೆರೆಯ ಮೇಲೆ ಇದು ಎದ್ದು ಕಾಣುತ್ತದೆ. ಆರೋಗ್ಯವಾಗಿರುವ ಹುಡುಗನ ಮಿದುಳಿನ ರಕ್ತನಾಳ ಬುಡದಿಂದ ತುದಿಯವರೆಗೆ ನಯವಾಗಿ ಸಣ್ಣಗಾಗುತ್ತಾ ಹೋಗುತ್ತದೆ. ಇಲ್ಲಿ ಒಂದು ಕಡೆ ಸಪೂರ, ಸ್ವಲ್ಪ ಮುಂದೆ ಅಗಲ, ಮತ್ತೆ ಸಪೂರ. ಮಣಿ ಪೋಣಿಸಿದ ಸರದ ಹಾಗೆ. ಅದೂ ಒಂದೇ ನಾಳದಲ್ಲಲ್ಲ, ಎಡಕ್ಕೂ ಬಲಕ್ಕೂ ಹಲವು ನಾಳಗಳಲ್ಲಿ. ಸಪೂರವಾದ ಜಾಗದಿಂದ ಮುಂದಕ್ಕೆ ರಕ್ತ ಸಾಲದೆ ಹೋದರೆ ಅಷ್ಟು ಭಾಗದ ಮಿದುಳು ಸಾಯುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವೈದ್ಯರು ಸ್ಟ್ರೋಕ್ ಆದ 48 ಯುವ ರೋಗಿಗಳನ್ನು ಒಬ್ಬರನ್ನೂ ಬಿಡದೆ ಸಾಲಾಗಿ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಅವರಲ್ಲಿ 10 ಜನರಿಗೆ ಹೀಗೆ ಹಲವು ಕಡೆ ನಾಳ ಸಪೂರವಾಗಿತ್ತು, ಮತ್ತು ಅದಕ್ಕೂ ಗಾಂಜಾ ಸೇವನೆಗೂ ನಂಟು ಕಂಡಿತ್ತು. ನಿಮ್ಮ ತಮ್ಮನಿಗೆ ಮಿದುಳಿನ ಮತ್ತು ಕುತ್ತಿಗೆಯ ರಕ್ತನಾಳಗಳ ಆಂಜಿಯೋಗ್ರಾಮ್ ಮಾಡಿದ್ದಾರಾ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ. ಸಿಟಿ ಆಂಜಿಯೋ ಆಗಲಿ ಎಂಆರ್ ಆಂಜಿಯೋ ಆಗಲಿ, ಒಂದಾದರೂ ಇರಬೇಕು. ಬರೀ ಎಂಆರ್‌ಐ ಸಾಲದು. ಅದು ಎಲ್ಲಿ ಏಟು ಬಿದ್ದಿದೆ ಅಂತ ತೋರಿಸುತ್ತದೆ, ಯಾಕೆ ಬಿತ್ತು ಅಂತ ಎಲ್ಲ ಸಲ ಹೇಳುವುದಿಲ್ಲ.

ಗಾಂಜಾ ರಕ್ತನಾಳದ ತನಕ ಹೇಗೆ ಬಂತು ಅಂತ ಕೇಳಬಹುದು. ನಶೆ ಏರಿಸುವ ಅಂಶ ಟಿಎಚ್‌ಸಿ. ಅದು ಹೋಗಿ ಅಂಟಿಕೊಳ್ಳುವ ಸಿಬಿ1 ಎಂಬ ಗ್ರಾಹಕಗಳು ಮಿದುಳಿನಲ್ಲಷ್ಟೇ ಅಲ್ಲ, ಹೃದಯದಲ್ಲೂ ರಕ್ತನಾಳದ ಗೋಡೆಯಲ್ಲೂ ಇವೆ. ಸೇದಿದ ಕೆಲವೇ ನಿಮಿಷದಲ್ಲಿ ಎದೆಬಡಿತ ಜೋರಾಗುತ್ತದೆ. ನಿಮಿಷಕ್ಕೆ 20ರಿಂದ 50 ಬಡಿತ ಜಾಸ್ತಿ ಆಗುವುದು ಮಾಮೂಲು. ಕೂತಾಗ ಬಿಪಿ ಏರುತ್ತದೆ, ತಟ್ಟನೆ ಎದ್ದು ನಿಂತರೆ ಇಳಿಯುತ್ತದೆ. ಸೇದಿ ಎದ್ದವರು ತಲೆ ತಿರುಗಿ ಬೀಳುವುದು ಇದರಿಂದಲೇ. ಕೆಲವರಿಗೆ ಎದೆಬಡಿತದ ಲಯವೇ ತಪ್ಪುತ್ತದೆ. ಲಯ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಗಾಂಜಾ ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ 4.8 ಪಟ್ಟು ಏರುತ್ತದೆ ಅಂತ 2001ರಷ್ಟು ಹಿಂದೆಯೇ ಅಮೆರಿಕದ ಒಂದು ಅಧ್ಯಯನ ಹೇಳಿತ್ತು.

ಹೊಗೆಯ ಪಾಲು ಬೇರೆ ಇದೆ. ಗಾಂಜಾ ಸೇದುವವರು ದಮ್ಮು ಆಳವಾಗಿ ಎಳೆದು, ಎದೆಯಲ್ಲಿ ಹಿಡಿದಿಟ್ಟು, ನಿಧಾನಕ್ಕೆ ಬಿಡುತ್ತಾರೆ. ಫಿಲ್ಟರ್ ಇರುವುದಿಲ್ಲ. 1988ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದು ನೋಡಿದರು. ಸಿಗರೇಟಿಗೆ ಹೋಲಿಸಿದರೆ ಗಾಂಜಾದಿಂದ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸುಮಾರು ಐದು ಪಟ್ಟು ಏರಿತ್ತು, ಒಳಗೆ ಹೋದ ಟಾರ್ ಸುಮಾರು ಮೂರು ಪಟ್ಟು. ರಕ್ತಕ್ಕೆ ಕಾರ್ಬನ್ ಮಾನಾಕ್ಸೈಡ್ ಸೇರಿದಷ್ಟೂ ಅದು ಆಮ್ಲಜನಕ ಹೊರುವುದು ಕಡಿಮೆ. ಅದೇ ಹೊತ್ತಿಗೆ ಹೃದಯ ಓಡುತ್ತಿರುತ್ತದೆ, ನಾಳ ಬಿಗಿದಿರುತ್ತದೆ.

ಹಾಗಾದರೆ ಸೇದುವವರಿಗೆಲ್ಲ ಸ್ಟ್ರೋಕ್ ಆಗುತ್ತಾ? ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ವರ್ಷದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಯೌವನದಲ್ಲಿ ಸ್ಟ್ರೋಕ್ ಅನ್ನೋದೇ ಅಪರೂಪ. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ ಹತ್ತು ಹದಿನೈದು ಮಂದಿ. ಅಪಾಯ ಎರಡು ಪಟ್ಟಾದರೂ ಒಬ್ಬೊಬ್ಬರ ಮಟ್ಟಿಗೆ ಅದು ಸಣ್ಣ ಸಂಖ್ಯೆಯೇ. ಇದನ್ನು ಮುಚ್ಚಿಟ್ಟು ಹೆದರಿಸಿದರೆ ಹುಡುಗರು ನಮ್ಮ ಮಾತು ನಂಬುವುದಿಲ್ಲ. ತಮ್ಮ ಸುತ್ತ ಸೇದುವ ಹತ್ತು ಜನ ಆರಾಮಾಗಿ ಇರುವುದನ್ನು ಅವರು ನೋಡುತ್ತಲೇ ಇರುತ್ತಾರೆ, ಅಲ್ವಾ?

ಆದರೆ ಎಷ್ಟು ಸಲ ಸೇದುತ್ತಾರೆ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ. ಆಸ್ಟ್ರೇಲಿಯಾದ 2016ರ ಒಂದು ಅಧ್ಯಯನದಲ್ಲಿ ಅಪಾಯ ಏರಿದ್ದು ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಜಾಸ್ತಿ ಬಳಸುವವರಲ್ಲಿ ಮಾತ್ರ. ಅಪರೂಪಕ್ಕೆ ಬಳಸುವವರಲ್ಲಿ ಏರಿಕೆ ಕಾಣಲಿಲ್ಲ. ಅಮೆರಿಕದಲ್ಲಿ 18ರಿಂದ 44 ವರ್ಷದ ಸುಮಾರು 44 ಸಾವಿರ ಜನರ ಸಮೀಕ್ಷೆ 2020ರ ಆಸುಪಾಸಿಗೆ ಬಂತು. ಇತ್ತೀಚೆಗೆ ಗಾಂಜಾ ಬಳಸಿದವರಲ್ಲಿ ಸ್ಟ್ರೋಕ್ ಸಂಭವ 1.82 ಪಟ್ಟು. ತಿಂಗಳಿಗೆ ಹತ್ತು ದಿನಕ್ಕಿಂತ ಜಾಸ್ತಿ ಬಳಸುವವರಲ್ಲಿ 2.45 ಪಟ್ಟು. ಅಂಥವರು ಸಿಗರೇಟನ್ನೂ ಸೇದುತ್ತಿದ್ದರೆ 3.12 ಪಟ್ಟು. ನಿಮ್ಮ ತಮ್ಮ ಈ ಕೊನೆಯ ಗುಂಪಿನವರು. ದಿನಾ ಸೇದುತ್ತಿದ್ದರು, ತಂಬಾಕಿನ ಜೊತೆ ಸೇದುತ್ತಿದ್ದರು. 2024ರಲ್ಲಿ ಪ್ರಕಟವಾದ, ನಾಲ್ಕು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಅಧ್ಯಯನದಲ್ಲಿ ದಿನಾ ಬಳಸುವವರಿಗೆ ಸ್ಟ್ರೋಕ್ ಸಂಭವ ಶೇ 42ರಷ್ಟು ಜಾಸ್ತಿ ಇತ್ತು.

ಇದಕ್ಕೆ ವಿರುದ್ಧ ದಿಕ್ಕಿನ ಅಧ್ಯಯನವೂ ಇದೆ. ನಿಮ್ಮ ತಮ್ಮ ಹುಡುಕಿ ತೆಗೆಯುವ ಮೊದಲು ನಾನೇ ಹೇಳುತ್ತೇನೆ. ಸ್ವೀಡನ್ನಿನಲ್ಲಿ ಸೇನೆಯ ಕಡ್ಡಾಯ ನೇಮಕಾತಿಗೆ 1969–70ರಲ್ಲಿ ಬಂದ ಸುಮಾರು 49 ಸಾವಿರ ಹುಡುಗರನ್ನು ದಶಕಗಳ ಕಾಲ ಹಿಂಬಾಲಿಸಿದರು. 2017ರಲ್ಲಿ ಫಲಿತಾಂಶ ಬಂತು. ತಂಬಾಕಿನ ಲೆಕ್ಕ ಕಳೆದ ಮೇಲೆ ಗಾಂಜಾಕ್ಕೂ ಸ್ಟ್ರೋಕಿಗೂ ಸ್ಪಷ್ಟ ಸಂಬಂಧ ಉಳಿಯಲಿಲ್ಲ. ತಂಬಾಕಿನದು ಮಾತ್ರ ಗಟ್ಟಿಯಾಗಿ ನಿಂತಿತು. ನ್ಯೂಜಿಲೆಂಡಿನಲ್ಲೂ ಇಂಥದ್ದೇ ಆಯಿತು. ಸ್ಟ್ರೋಕ್ ಆದ ಯುವಕರ ಮೂತ್ರದಲ್ಲಿ ಗಾಂಜಾ ಸಿಕ್ಕ ಪ್ರಮಾಣ ಬೇರೆ ರೋಗಿಗಳಿಗಿಂತ ಸುಮಾರು ಎರಡು ಪಟ್ಟು, ಆದರೆ ಅವರಲ್ಲಿ ಹೆಚ್ಚಿನವರು ತಂಬಾಕನ್ನೂ ಸೇದುತ್ತಿದ್ದರು. ಎರಡನ್ನೂ ಬೆರೆಸಿ ಸೇದುವಾಗ ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ಮೇಲೆ ಹೇಳಿದ ಅಮೆರಿಕದ ಫೋನ್ ಸಮೀಕ್ಷೆಗಳಿಗೂ ಮಿತಿ ಇದೆ. ಮೊದಲು ಸ್ಟ್ರೋಕ್ ಬಂತೋ, ಗಾಂಜಾ ಶುರುವಾಯಿತೋ ಅವು ಸರಿಯಾಗಿ ಹೇಳಲಾರವು. ಆದರೂ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಯಾಕೆಂದರೆ ಸಮೀಕ್ಷೆಯ ಅಂಕಿಗಳ ಜೊತೆಗೆ ಸೇದಿದ ಬೆನ್ನಿಗೇ ನಾಳ ಬಿಗಿದ ರೋಗಿಗಳು ನಮ್ಮ ಮುಂದಿದ್ದಾರೆ. ಬಿಟ್ಟಿದ್ದವರು ಮತ್ತೆ ಸೇದಿದಾಗ ಮತ್ತೆ ಸ್ಟ್ರೋಕ್ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲದೆ ಆ ಸ್ವೀಡನ್ ಹುಡುಗರು ಸೇದಿದ್ದು ಅರವತ್ತರ ದಶಕದ ಗಾಂಜಾ. ಅಮೆರಿಕದಲ್ಲಿ ಜಪ್ತಿಯಾದ ಮಾಲಿನ ಪರೀಕ್ಷೆ ಪ್ರಕಾರ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ 4 ಇತ್ತು. 2014ರ ಹೊತ್ತಿಗೆ ಶೇ 12. ಬ್ಯಾಂಕಾಕಿನಿಂದ ಬಂದ ‘ಹೈಡ್ರೋ ಗಾಂಜಾ’ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ನೀವು ಓದಿರುತ್ತೀರಿ. ಅದನ್ನು ಬೆಳೆಸುವುದೇ ನಶೆ ಜಾಸ್ತಿ ಬರಲಿ ಅಂತ.

ಸಾಧುಗಳ ಮಾತಿಗೆ ನನ್ನ ಉತ್ತರವೂ ಇಲ್ಲೇ ಇದೆ. ಜಾತ್ರೆಯಲ್ಲಿ ಚಿಲುಮೆ ಹಿಡಿದು ಕೂತ ಎಂಬತ್ತರ ಅಜ್ಜ ನಮ್ಮ ಕಣ್ಣಿಗೆ ಬೀಳುತ್ತಾರೆ. ನಲವತ್ತಕ್ಕೇ ಲಕ್ವ ಹೊಡೆದು ಮೂಲೆ ಹಿಡಿದವರು ಜಾತ್ರೆಗೆ ಬರುವುದಿಲ್ಲ. ಬದುಕಿ ಉಳಿದವರನ್ನು ಮಾತ್ರ ಎಣಿಸಿದರೆ ಯಾವ ಚಟವೂ ನಿರಪಾಯ ಅಂತಲೇ ಕಾಣುತ್ತದೆ. ಇನ್ನು ಕೆನಡಾ. 2018ರ ಅಕ್ಟೋಬರ್ 17ರಿಂದ ಅಲ್ಲಿ ಗಾಂಜಾ ಮಾರಾಟ ಕಾನೂನುಬದ್ಧ, ನಿಜ. ನಮ್ಮಲ್ಲಿ ಸಿಗರೇಟು ಮಾರಾಟವೂ ಕಾನೂನುಬದ್ಧವೇ. ಅದರಿಂದ ಶ್ವಾಸಕೋಶಕ್ಕೆ ಏನಾದರೂ ರಿಯಾಯಿತಿ ಸಿಕ್ಕಿತಾ?

ಈಗ ಇನ್ನೊಂದು ಮುಖ್ಯ ವಿಷಯ. ಮೂತ್ರದಲ್ಲಿ ಗಾಂಜಾ ಸಿಕ್ಕಿದ ಮಾತ್ರಕ್ಕೆ ಸ್ಟ್ರೋಕಿಗೆ ಅದೇ ಕಾರಣ ಅಂತ ಸಾಬೀತಾಗುವುದಿಲ್ಲ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದಿನಾ ಸೇದುವವರು ಬಿಟ್ಟ ಮೇಲೂ ವಾರಗಟ್ಟಲೆ ಮೂತ್ರ ಪರೀಕ್ಷೆ ಪಾಸಿಟಿವ್ ಬರಬಹುದು. ‘ಗಾಂಜಾ ಹುಡುಗ’ ಅಂತ ಹಣೆಪಟ್ಟಿ ಹಚ್ಚಿ ತನಿಖೆಯನ್ನು ಅಲ್ಲಿಗೇ ನಿಲ್ಲಿಸಿದರೆ, ಚಿಕಿತ್ಸೆ ಇರುವ ಬೇರೆ ಕಾರಣವೊಂದು ತಪ್ಪಿಹೋಗಬಹುದು. ಇದು ನನಗೆ ಬಹಳ ಕಳವಳ ತರುವ ವಿಷಯ. ನಮ್ಮ ದೇಶದ ಯುವಕರಲ್ಲಿ ಸ್ಟ್ರೋಕಿಗೆ ಕಾರಣಗಳು ಹಲವು. ಸಂಧಿವಾತ ಜ್ವರದಿಂದ ಹಾಳಾದ ಹೃದಯದ ಕವಾಟ ಇನ್ನೂ ಕಾಣಸಿಗುತ್ತದೆ. ಹುಟ್ಟಿನಿಂದ ಹೃದಯದ ಗೋಡೆಯಲ್ಲಿ ಮುಚ್ಚದೆ ಉಳಿದ ಸಣ್ಣ ಕಿಂಡಿ ಇರಬಹುದು. ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವುದು ನಮ್ಮಲ್ಲಿ ಸಾಕಷ್ಟಿದೆ. ಸಲೂನಿನಲ್ಲಿ ಮಸಾಜ್ ಮಾಡಿ ಕುತ್ತಿಗೆ ಲಟಕ್ ಅನ್ನಿಸುತ್ತಾರಲ್ಲ, ಅದರಿಂದಲೂ ಕುತ್ತಿಗೆಯ ರಕ್ತನಾಳ ಸೀಳಬಹುದು. ಭಾನುವಾರ ಕ್ಷೌರಕ್ಕೆ ಹೋಗಿದ್ದರಾ ಅಂತ ತಮ್ಮನನ್ನು ಒಮ್ಮೆ ಕೇಳಿ. ತಮಾಷೆಯ ಪ್ರಶ್ನೆ ಅಲ್ಲ ಇದು.

ಆದ್ದರಿಂದ ಎಕೋ (ಹೃದಯದ ಸ್ಕ್ಯಾನ್) ಮಾಡಿದ್ದಾರಾ, ಅದರಲ್ಲಿ ಗುಳ್ಳೆ ಹಾಯಿಸಿ ಹೃದಯದ ಕಿಂಡಿ ಹುಡುಕಿದ್ದಾರಾ, ಎದೆಬಡಿತವನ್ನು 24 ಗಂಟೆಯಾದರೂ ದಾಖಲಿಸಿದ್ದಾರಾ, ರಕ್ತ ಹೆಪ್ಪುಗಟ್ಟುವ ಕಾಯಿಲೆಗಳ ಪರೀಕ್ಷೆ ಆಗಿದೆಯಾ ಅಂತ ನರರೋಗ ತಜ್ಞರ ಹತ್ತಿರ ಕೇಳಿ. ಈ ಹೆಪ್ಪುಗಟ್ಟುವ ಕಾಯಿಲೆಯ ಪರೀಕ್ಷೆಗಳಲ್ಲಿ ಒಂದಾದ ಆ್ಯಂಟಿ ಫಾಸ್ಫೋಲಿಪಿಡ್ ಪರೀಕ್ಷೆ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಒಂದೇ ಸಲಕ್ಕೆ ತೀರ್ಮಾನ ಆಗುವುದಿಲ್ಲ.

ಭಂಗಿ ಮತ್ತು ಎಣ್ಣೆಯ ವಿಚಾರ. ಎಲೆಯಿಂದ ಮಾಡುವ ಭಂಗಿ, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಹೇಳುವ ‘ಗಾಂಜಾ’ದೊಳಗೆ ಬರುವುದಿಲ್ಲ. ಹಾಗಾಗಿ ಬಹಳ ಜನ ಅದನ್ನು ನಿರಪಾಯ ಪದಾರ್ಥ ಅಂದುಕೊಂಡಿದ್ದಾರೆ. ಹೊಗೆ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ಟಿಎಚ್‌ಸಿ ಅದೇ. ಕುಡಿದಾಗ ನಶೆ ಏರಲು ಒಂದೆರಡು ಗಂಟೆ ಹಿಡಿಯುತ್ತದೆ. ಏನೂ ಆಗಲಿಲ್ಲ ಅಂತ ಇನ್ನೊಂದು ಲೋಟ ಕುಡಿಯುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಇ-ಸಿಗರೇಟಿನಂಥ ವೇಪ್‌ನಲ್ಲಿ ಟಾರ್ ಕಡಿಮೆ ಇರಬಹುದು, ಟಿಎಚ್‌ಸಿ ಸಾಂದ್ರವಾಗಿರುತ್ತದೆ. ಸಿಬಿಡಿ ಎಣ್ಣೆ ನಶೆ ಏರಿಸುವುದಿಲ್ಲ, ಆದರೆ ಮಾರುಕಟ್ಟೆಯ ಕೆಲವು ಎಣ್ಣೆಗಳಲ್ಲಿ ಟಿಎಚ್‌ಸಿಯೂ ಇರುತ್ತದೆ. ಸಿಬಿಡಿ ನಮ್ಮ ಮಾತ್ರೆಗಳಿಗೂ ಅಡ್ಡ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಲ್ಲಿ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಅತಿಯಾಗಿ ತೆಳುವಾಗಬಹುದು, ಕ್ಲೊಪಿಡೋಗ್ರೆಲ್ ಕೆಲಸ ಮಾಡುವುದು ಕಡಿಮೆಯಾಗಬಹುದು. ‘ಸ್ಪೈಸ್’, ‘ಕೆ2’ ಅಂತ ಸಿಗುವ ಕೃತಕ ಮಾಲು ಇವೆಲ್ಲಕ್ಕಿಂತ ಅಪಾಯ. ಅದು ಸಿಬಿ1 ಗ್ರಾಹಕಗಳ ಮೇಲೆ ಟಿಎಚ್‌ಸಿಗಿಂತ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ. ಬೇರೆ ಯಾವ ಕಾಯಿಲೆಯೂ ಇಲ್ಲದ ಹುಡುಗರಿಗೂ ಅದರಿಂದ ಸ್ಟ್ರೋಕ್ ಆಗಿದೆ.

ಅವರಿಗೆ ಆಗಿದ್ದು ಆರ್‌ಸಿವಿಎಸ್ ಅಂತಾದರೆ ಶೀತಕ್ಕೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳುವ ಮಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ಫೀನೈಲ್‌ಎಫ್ರಿನ್, ಸೂಡೋಎಫೆಡ್ರಿನ್ ಇರುವ ಮಾತ್ರೆಗಳೂ ನಾಳವನ್ನು ಬಿಗಿಸುತ್ತವೆ. ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್ ಮಾತ್ರೆಯೂ ಅವರಿಗೆ ಆಗದು. ಖಿನ್ನತೆಯ ಕೆಲವು ಮಾತ್ರೆಗಳೂ ಈ ಪಟ್ಟಿಯಲ್ಲಿವೆ, ಆದರೆ ಅವನ್ನು ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಬಿಡುವುದು ಹೇಗೆ? ಮೂರು ವರ್ಷ ದಿನಾ ಸೇದಿದವರಿಗೆ ಮೊದಲ ವಾರ ಕಷ್ಟ. ನಿದ್ದೆ ಬರುವುದಿಲ್ಲ, ಬಂದರೆ ವಿಚಿತ್ರ ಕನಸು. ಊಟ ಸೇರುವುದಿಲ್ಲ. ಮಾತು ಮಾತಿಗೆ ಸಿಡುಕು. ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಇದು ಸ್ಟ್ರೋಕಿನ ತೊಂದರೆ ಅಂತ ನೀವು ಗಾಬರಿಯಾಗಬೇಡಿ. ಇದನ್ನು ಬಿಡಿಸಲು ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಆಪ್ತ ಸಮಾಲೋಚನೆಯೇ ಮುಖ್ಯ ಚಿಕಿತ್ಸೆ, ಅದರಿಂದ ಉಪಯೋಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಮಾತಾಡಬೇಕು ಅಂದರೆ 14446 ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ತಂಬಾಕನ್ನೂ ಜೊತೆಗೇ ಬಿಡಬೇಕು. ಅದಕ್ಕೆ 1800-11-2356 ಇದೆ. ಗಾಂಜಾ ಬಿಟ್ಟು ಸಿಗರೇಟು ಮುಂದುವರಿಸಿದರೆ ಅರ್ಧ ಅಪಾಯವನ್ನು ಹಾಗೇ ಇಟ್ಟುಕೊಂಡಂತೆ. ಗೆಳೆಯರು ಸೇದುವ ಆ ರೂಮಿಗೇ ವಾಪಸ್ ಹೋಗಿ ಬಿಡುತ್ತೇನೆ ಅಂದರೆ ಬಹಳ ಕಷ್ಟ. ಸಾಧ್ಯವಾದರೆ ರೂಮು ಬದಲಾಯಿಸಲಿ.

ಅಪ್ಪ ಅಮ್ಮನಿಗೆ ಹೇಳುವುದು ನಿಮ್ಮ ಕೆಲಸವಲ್ಲ, ನಿಮ್ಮ ತಮ್ಮನದು. ಅವರು ವಯಸ್ಕರು, ಅವರ ಕಾಯಿಲೆಯ ವಿವರ ಅವರ ಸ್ವತ್ತು. ಆದರೆ ಹೇಳುವಂತೆ ಧೈರ್ಯ ತುಂಬಿ, ಹೇಳುವಾಗ ಪಕ್ಕದಲ್ಲಿ ಕೂತಿರಿ. ಮದುವೆ, ಮರ್ಯಾದೆ ಅಂತ ಮನೆಯಲ್ಲಿ ದೊಡ್ಡ ಮಾತು ಬರಬಹುದು. ಆಗ ನೀವು ಅವರ ಪರ ನಿಲ್ಲಬೇಕು. ವಾರ್ಡಿನಲ್ಲಿ ನಾನು ದಿನಾ ನೋಡುವುದು ಇದನ್ನೇ. ಅಮ್ಮ ಮಂಚದ ಪಕ್ಕ ನಿಂತಿರುವಾಗ ಕೇಳಿದರೆ ಯಾವ ಹುಡುಗನೂ ‘ಹೌದು’ ಅನ್ನುವುದಿಲ್ಲ. ‘ಅಮ್ಮಾ, ಒಂದು ಕಾಫಿ ಕುಡ್ಕೊಂಡು ಬನ್ನಿ’ ಅಂತ ಅವರನ್ನು ಹೊರಗೆ ಕಳಿಸಿ, ಕುರ್ಚಿ ಎಳೆದು ಕೂತು, ನಿಧಾನಕ್ಕೆ ಕೇಳಬೇಕು. ಏನು, ಎಷ್ಟು, ಕೊನೆಯ ಸಲ ಯಾವಾಗ, ಬೇರೆ ಏನಾದರೂ ಜೊತೆಗೆ ಇತ್ತಾ. ಈ ನಾಲ್ಕು ಉತ್ತರ ಎಷ್ಟೋ ಸಲ ಸ್ಕ್ಯಾನಿಗಿಂತ ಬೇಗ ದಾರಿ ತೋರಿಸುತ್ತವೆ. ಪೊಲೀಸ್ ಭಯವೂ ಹುಡುಗರ ಬಾಯಿ ಕಟ್ಟುತ್ತದೆ. ಗಾಂಜಾ ಸೇವನೆ ಕಾನೂನಿನಲ್ಲಿ ಅಪರಾಧವೇ. ಆದರೆ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡಲು ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅನ್ನುವ ಕಲಮು ಇದೆ.

ರೂಮಿನ ಗೆಳೆಯರನ್ನು ಬೈಯಬೇಡಿ. ಅವರಿಗೆ ಗೊತ್ತಿರಲಿಲ್ಲ. ಆದರೆ ಈ ಮಾತು ಅವರಿಗೂ ಮುಟ್ಟಲಿ. ನಶೆಯಲ್ಲಿ ಎರಡೂ ಕೈ ನಡುಗಬಹುದು, ಮಾತು ಎಳೆದಂತೆ ಬರಬಹುದು. ಒಂದೇ ಕಡೆಯ ಕೈ ಬೀಳುವುದು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು ನಶೆಯಲ್ಲ. ನಗು ಅನ್ನಿ, ಎರಡೂ ಕೈ ಮುಂದಕ್ಕೆ ಚಾಚು ಅನ್ನಿ, ಒಂದು ವಾಕ್ಯ ಹೇಳಿಸಿ. ಒಂದು ತಪ್ಪಿದರೂ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಗಡಿಯಾರ ಶುರುವಾಗುವುದು ಆ ವ್ಯಕ್ತಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೂ ಕೈಚೆಲ್ಲಬೇಕಿಲ್ಲ. ಎಂಆರ್‌ಐ ನೋಡಿ ಕೆಲವರಿಗೆ ಆಗಲೂ ಇಂಜೆಕ್ಷನ್ ಕೊಡಬಹುದು. ದೊಡ್ಡ ನಾಳ ಮುಚ್ಚಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಸಾಧ್ಯ. ಆಸ್ಪತ್ರೆ ತಲುಪುವಷ್ಟರಲ್ಲಿ ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ಒಳಗೆ ರಕ್ತಸ್ರಾವ ಆಗಿದೆಯೋ ಇಲ್ಲವೋ ಸ್ಕ್ಯಾನ್ ಆಗದೆ ಗೊತ್ತಾಗದು. ನೀರೂ ಕುಡಿಸಬೇಡಿ, ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವವರು ಈಗಲೂ ಇದ್ದಾರೆ. ದಯವಿಟ್ಟು ಅಲ್ಲಿಗೆ ಹೋಗಿ ಹೊತ್ತು ಕಳೆಯಬೇಡಿ.

ಮತ್ತೆ ಬರುತ್ತಾ ಅಂತ ಕೇಳಿದ್ದೀರಿ. ನಾಳ ಬಿಗಿದು ಆಗಿದ್ದರೆ, ಕೆರಳಿಸಿದ ವಸ್ತುವನ್ನು ಪೂರ್ತಿ ಬಿಟ್ಟವರಲ್ಲಿ ನಾಳ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮೊದಲಿನಂತಾಗುತ್ತದೆ, ಮತ್ತೆ ಆಗುವುದು ಅಪರೂಪ. ಹಾಗಾಗಿ ಮೂರು ತಿಂಗಳು ತುಂಬಿದಾಗ ಆಂಜಿಯೋಗ್ರಾಮ್ ಮತ್ತೊಮ್ಮೆ ಮಾಡಿಸಿ. ಹಳೆಯ ಸಿ.ಡಿ. ಜೊತೆಗೆ ಒಯ್ಯಿರಿ, ಬರೀ ರಿಪೋರ್ಟ್ ಸಾಲದು, ಎರಡು ಚಿತ್ರ ಅಕ್ಕಪಕ್ಕ ಇಟ್ಟು ನೋಡಬೇಕು. ಬಿಗಿದ ನಾಳ ಸಡಿಲವಾಗಿದ್ದರೆ ಡಾಕ್ಟರು ಊಹಿಸಿದ್ದು ಸರಿ ಅಂತಾಗುತ್ತದೆ. ಆಗಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಅಲ್ಲಿಯವರೆಗೆ ಕೊಟ್ಟಿರುವ ಮಾತ್ರೆ ನಿಲ್ಲಿಸಬೇಡಿ, ಕೈ ಪೂರ್ತಿ ಸರಿಹೋಯಿತು ಅನ್ನಿಸಿದರೂ ಫಿಸಿಯೋಥೆರಪಿ ಬಿಡಿಸಬೇಡಿ.